ಪುಟದಲ್ಲಿ ಕಾಣದ ಸಾಲು

ಆ ವೆಬ್ ಪತ್ರಿಕೆಗೆ ಬರೆಯುವವರೆಲ್ಲ ಒಂದು ಪುಟ್ಟ ತಂತ್ರಾಂಶದಲ್ಲೇ ಬರೆಯಬೇಕಿತ್ತು. ಅದರಲ್ಲಿ ಬಣ್ಣವಿಲ್ಲ, ಗುಂಡಿಗಳಿಲ್ಲ, ಬರೀ ಅಕ್ಷರ. ಪದದ ಆಚೀಚೆ ನಕ್ಷತ್ರ ಚಿಹ್ನೆ ಇಟ್ಟರೆ ಪುಟದಲ್ಲಿ ಅದು ದಪ್ಪಗಾಗುತ್ತದೆ. ಸಾಲಿನ ಶುರುವಿಗೆ ಎರಡು ಅಡ್ಡಗೆರೆ ಹಾಕಿದರೆ ಆ ಸಾಲು ಪುಟದಲ್ಲಿ ಕಾಣಿಸುವುದೇ ಇಲ್ಲ.

ಅಲ್ಲಿ ಬರೆಯುತ್ತಿದ್ದ ಚಿದಾನಂದನಿಗೆ ಹಿಡಿಸಿದ್ದು ಈ ಅಡ್ಡಗೆರೆ. ಸಂಪಾದಕಿ ರೇಣುಕಾ ಅವನ ಲೇಖನವನ್ನು ಕೊಚ್ಚಿಹಾಕಿದಾಗಲೆಲ್ಲ, ಮುಂದಿನ ಲೇಖನದ ನಡುವೆ ಗೆರೆ ಹಾಕಿ ಆಕೆಯನ್ನು ಹೊಟ್ಟೆ ತಣ್ಣಗಾಗುವಷ್ಟು ಬೈದು ಕಳಿಸುತ್ತಿದ್ದ; ಆಕೆ ಓದುವುದು ಪುಟವನ್ನಷ್ಟೇ ಎಂದುಕೊಂಡಿದ್ದ. ಫೋನಿನಲ್ಲಿ ದನಿ ಕೇಳಿದ್ದನೇ ಹೊರತು ಆಕೆಯ ಮುಖ ನೋಡಿರಲಿಲ್ಲ.

ಮದ್ದೂರು ವಡೆಯ ಲೇಖನದಲ್ಲಿ ಅರ್ಧಕ್ಕರ್ಧ ಹಾರಿಹೋದಾಗ ಮಾತ್ರ ತಡೆಯಲಾರದೆ ಕಚೇರಿಗೇ ನುಗ್ಗಿದ.

“ಮೇಡಂ, ನಾನು ಬರೆದಿದ್ದನ್ನ ಕಣ್ಣುಬಿಟ್ಟು ನೋಡ್ತೀರೋ ಇಲ್ವೋ?”

“ಇಲ್ಲ,” ಎಂದಳು ರೇಣುಕಾ. ಆಕೆಯ ಕುರ್ಚಿಗೆ ಒಂದು ಬಿಳಿ ಕೋಲು ಒರಗಿತ್ತು. “ಹುಟ್ಟಿನಿಂದಲೇ ನನಗೆ ಕಣ್ಣು ಕಾಣಲ್ಲ. ನೀವು ಕಳಿಸಿದ್ದನ್ನ ಕಂಪ್ಯೂಟರ್ ಓದಿ ಹೇಳುತ್ತೆ. ಪುಟ ಅಲ್ಲ, ನೀವು ಟೈಪ್ ಮಾಡಿದ್ದಷ್ಟನ್ನೂ.”

ಚಿದಾನಂದ ಕೇಳಿದ: “ಅಷ್ಟನ್ನೂ ಅಂದ್ರೆ?”

ಆಕೆ ಒಂದು ಕೀಲಿ ಒತ್ತಿದಳು. ಯಂತ್ರದ ದನಿ ತಣ್ಣಗೆ ಓದಿತು: “ಅಡ್ಡಗೆರೆ, ಅಡ್ಡಗೆರೆ. ಈ ಯಮ್ಮನ ಕೈಗೆ ಗುಲಾಬಿ ಗಿಡ ಕೊಟ್ಟರೆ ಹೂವು ಕತ್ತರಿಸಿ ಎಸೆದು ಮುಳ್ಳಿಗೆ ನೀರು ಹಾಕ್ತಾಳೆ.”

ಅವನು ಬಾಗಿಲ ಕಡೆ ಸರಿದ.

“ಓಡಬೇಡಿ,” ಎಂದಳು ರೇಣುಕಾ. “ಇಷ್ಟು ದಿನ ನೀವು ಕಳಿಸಿದ್ರಲ್ಲಿ ನಾನು ಒಂದಕ್ಷರಾನೂ ತಿದ್ದದೆ ಬಿಟ್ಟಿರೋದು ಈ ಸಾಲುಗಳನ್ನ ಮಾತ್ರ.”