ಹಿಡಿಕೆ ಇದ್ದ ಜಾಗ

ಕಾರು ಹತ್ತಲು ಹೋದ ಶಿವಲೀಲಾಳ ಬಲಗೈ ಹಿಂಬಾಗಿಲ ಪಕ್ಕ ಏನನ್ನೋ ಹುಡುಕಿತು. ನೋಡದೆಯೇ ರೂಢಿಯಂತೆ ಚಾಚಿದ ಕೈ, ಹೊಸ ಬಣ್ಣದ ಮೇಲೆ ಜಾರಿ ಕೆಳಗೆ ಬಂತು. ಪೋಲಿಯೋ ಆದ ಕಾಲು ಹೊಯ್ದಾಡಿತು. ತಮ್ಮ ವೀರೇಂದ್ರ ಓಡಿ ಬಂದು ಆಕೆಯ ತೋಳು ಹಿಡಿದ.

"ಇಲ್ಲೊಂದು ಹಿಡಿಕಿ ಇತ್ತಲ್ಲೋ ವೀರೂ?"

"ಅದು ಕಂಪನೀದು ಅಲ್ಲಕ್ಕಾ, ಅದಕ್ಕ ತಗದೆ..." ಎನ್ನುತ್ತಿದ್ದವನ ದನಿ ಅರ್ಧಕ್ಕೇ ಇಳಿಯಿತು.

ಬ್ಯಾಡಗಿಯ ಮನೆಯಂಗಳದಲ್ಲಿ ಎರಡು ವರ್ಷ ತನ್ನ ಕೈಯಾರೆ ತಗಡು ಬಡಿದು, ಪುಟ್ಟಿ ತಿಕ್ಕಿ, ಅಪ್ಪನ ಹಳೆಯ ಫಿಯಟ್ಟನ್ನು ಕಂಪನಿಯಿಂದ ಈಗಷ್ಟೇ ಬಂದಂತೆ ಮಾಡಿದ್ದ. ಆ ಒರಟು ಕಬ್ಬಿಣದ ಹಿಡಿಕೆಯೊಂದೇ ಕಣ್ಣಿಗೆ ಚುಚ್ಚುತ್ತಿತ್ತು. ಗ್ರೈಂಡರ್ ಹಿಡಿದು ಅದನ್ನು ಕೊಯ್ಯಲು ಹತ್ತು ನಿಮಿಷವೂ ಬೇಕಾಗಿರಲಿಲ್ಲ. ಅಕ್ಕ ಯಾರ ಕೈಯನ್ನೂ ಹಿಡಿಯದೆ ಹತ್ತಿ, ರಾಣೆಬೆನ್ನೂರಿನ ಕಾಲೇಜಿಗೆ ಹೋಗಲೆಂದು ಅಪ್ಪ ಅದನ್ನು ಬೆಸುಗೆ ಹಾಕಿಸಿದ್ದು ಈಗ ನೆನಪಾಯಿತು.

"ನನ್ನ ಕೈ ಹಿಡಕೊಂಡು ಹತ್ತಕ್ಕಾ."

"ಬ್ಯಾಡ ಬಿಡು." ಅವನ ಕೈಯಿಂದ ತೋಳು ಬಿಡಿಸಿಕೊಂಡು ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. "ಕಾರು ಖರೇನ ಚಂದ ಆಗೇತಿ. ನೀ ಒಂದು ಸುತ್ತು ಹೋಗಿ ಬಾ. ನಾ ಇಲ್ಲೇ ನಿಂತು ನೋಡ್ತೇನಿ."