ಆ ಕಡೆಯವಳು

"ಎಡಕ್ಕೆ ತಿರುಗಿಸಿ," ಎಂದಿತು ವಾಕಿಟಾಕಿ.

ಬೆಳಗಿನಿಂದ ಹೆಂಡತಿ ಆಡಿದ ಮೊದಲ ಮಾತು ಅದು. ಕೆರೆಯಾಚೆಯ ಪುಟ್ಟ ಆಸ್ಪತ್ರೆಯ ತಾರಸಿಯ ಮೇಲೆ ಅವಳು, ಈಚೆಯ ದೊಡ್ಡಾಸ್ಪತ್ರೆಯ ತಾರಸಿಯ ಮೇಲೆ ಅವನು. ಇಬ್ಬರ ಮುಂದೆಯೂ ಒಂದೊಂದು ಮೈಕ್ರೋವೇವ್ ಡಿಶ್. ಎರಡೂ ನೇರ ಮುಖಾಮುಖಿಯಾದರೆ ಅಲ್ಲಿ ತೆಗೆದ ಸ್ಕ್ಯಾನ್ ಇಲ್ಲಿನ ಡಾಕ್ಟರ ಕಂಪ್ಯೂಟರಿಗೆ ಬರುತ್ತದೆ. ಇಲ್ಲದಿದ್ದರೆ ಈಗಿನಂತೆ ರೋಗಿಯೇ ಕೆರೆ ಸುತ್ತಿಕೊಂಡು ಬರಬೇಕು.

ಅವಳು ಮಾತು ಬಿಟ್ಟದ್ದಕ್ಕೆ ಕಾರಣವಿತ್ತು. ನಿನ್ನೆ ಡಾಕ್ಟರು ಅವಳ ಎದುರೇ, "ಮೇಡಂ ಏನು ಮಾಡ್ತಾರೆ?" ಎಂದು ಕೇಳಿದಾಗ ಇವನು ಹಲ್ಲು ಕಿಸಿದು, "ಕೆಲಸ ಎಲ್ಲಾ ನಂದೇ ಸರ್. ಇವಳು ಸುಮ್ನೆ ಆ ಕಡೆ ಹಿಡ್ಕೊಂಡಿರ್ತಾಳೆ," ಎಂದಿದ್ದ. ಜಂಬದ ಮಾತು, ಆಡಿದ ಮೇಲೆ ನುಂಗುವಂತಿರಲಿಲ್ಲ.

ಈಗ ಸಿಗ್ನಲ್ ಅಳೆಯುವ ಅವನ ಮೀಟರು ಏರಿ ನಿಂತಿತು. "ಸಿಕ್ತು! ಬಿಗಿ ಮಾಡ್ತೀನಿ."

"ಬೇಡ. ಇದು ಡಿಶ್ಶಿನ ಪಕ್ಕಕ್ಕೆ ಸೋರಿದ ಸಿಗ್ನಲ್ಲು. ಅಸಲು ಇನ್ನೂ ಎಡಕ್ಕಿದೆ."

"ಕೆಳಗೆ ಡಾಕ್ಟರು ಚಿತ್ರ ಬರ್ತಿದೆ ಅಂತಿದ್ದಾರಲ್ಲೇ!"

"ಇವತ್ತು ಬರತ್ತೆ. ಜೋರು ಮಳೆ ಬಂದ ದಿನ ಅರ್ಧಕ್ಕೇ ನಿಲ್ಲತ್ತೆ. ಅವತ್ತು ಯಾರ ಜೀವ ಅದರ ಮೇಲೆ ನಿಂತಿರತ್ತೋ! ಇಷ್ಟು ದೂರಕ್ಕೆ ಎಷ್ಟು ಬರಬೇಕು ಅಂತ ಲೆಕ್ಕ ಹಾಕಿದೀನಿ, ಇದು ಅದರ ಹತ್ತಿರಕ್ಕೂ ಇಲ್ಲ."

"ಇರೋದೂ ಹೋದ್ರೆ?"

"ಹೋಗತ್ತೆ. ಹೋಗ್ಲಿ. ನಿಲ್ಲಿಸ್ಬೇಡಿ."

ಅವನು ಮನಸ್ಸಿಲ್ಲದ ಮನಸ್ಸಿನಿಂದ ಡಿಶ್ ತಿರುಗಿಸಿದ. ಮೀಟರು ಕುಸಿಯಿತು. ಕೆಳಗಿನಿಂದ "ಚಿತ್ರ ಹೋಯ್ತು!" ಎಂಬ ಕೂಗು. ಹಿಂದಕ್ಕೆ ತಿರುಗಿಸಲು ಅವನ ಕೈ ತುರಿಸಿತು. ಅವಳು ಮಾತ್ರ ಸೂಜಿಗೆ ದಾರ ಪೋಣಿಸುವವಳ ಹಾಗೆ ಉಸಿರು ಬಿಗಿಹಿಡಿದು, "ಇನ್ನೂ ಸ್ವಲ್ಪ... ಕೂದಲಷ್ಟು... ಹಾಂ, ಅಲ್ಲೇ!" ಎಂದಳು.

ಮೀಟರು ಮುಂಚಿನ ಗುರುತನ್ನೂ ದಾಟಿ ಎಲ್ಲೋ ಮೇಲೆ ಹೋಗಿ ನಿಂತಿತ್ತು. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಕೆರೆಯಾಚೆ ನಿಂತು, ಅಲ್ಲಿನ ಮೀಟರಿನಲ್ಲೇ ನನ್ನ ಬೆರಳ ತುದಿಯ ಅಲುಗಾಟ ಕಂಡವಳು! ಇಂಥವಳನ್ನು ಏನಂದುಬಿಟ್ಟೆ ಎಂದು ನಾಚಿಕೆಯಾಯಿತು.

ಡಾಕ್ಟರು ಏದುಸಿರು ಬಿಡುತ್ತ ತಾರಸಿಗೇ ಹತ್ತಿ ಬಂದರು. "ಭೇಷ್ ಕಣ್ರೀ! ಕಣ್ಣು ಮಿಟುಕಿಸೋದ್ರೊಳಗೆ ಪೂರ್ತಿ ಸ್ಕ್ಯಾನ್ ಬಂತು!"

ಅವನು ವಾಕಿಟಾಕಿಯ ಗುಂಡಿ ಒತ್ತಿ ಹಿಡಿದೇ ಅವರ ಮುಂದೆ ಚಾಚಿದ. "ಅವಳಿಗೆ ಹೇಳಿ ಸರ್. ನಾನು ಸುಮ್ನೆ ಈ ಕಡೆ ಹಿಡ್ಕೊಂಡಿದ್ದೆ."

ಅವನು ಗುಂಡಿ ಬಿಟ್ಟ. ಕೆರೆಯಾಚೆಯಿಂದ ದನಿ ಬಂತು:

"ಹಿಡ್ಕೊಂಡಿದ್ದು ಸಾಕು, ಬೋಲ್ಟ್ ಬಿಗಿ ಮಾಡೋಕೆ ಹೇಳಿ ಡಾಕ್ಟ್ರೇ."