ಕನ್ನಡಿಯಲ್ಲಿ ಕಂಡ ನಗು

ಶೇವಿಂಗ್ ಸೋಪಿನ ವಾಸನೆ ಬಂದರೆ ಇಂದಿಗೂ ನನಗೆ ಯಲಹಂಕದ ಕ್ಷೌರದಂಗಡಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎಂಬತ್ತರ ದಶಕದ ಆರಂಭವದು. ಅಪ್ಪ ಕುರ್ಚಿಯಲ್ಲಿದ್ದರು, ಕೆನ್ನೆಯ ತುಂಬ ನೊರೆ. ಹಿಂದಿನ ಬೆಂಚಿನ ಮೇಲೆ ನಾನು. ಪಕ್ಕದಲ್ಲಿ ಅಪ್ಪನ ಹಳೆಯ ಸ್ನೇಹಿತ, ಸೈಕಲ್ ಅಂಗಡಿಯ ಬಷೀರ್ ಸಾಬರು. ಕನ್ನಡಿಯಲ್ಲಿ ನಾನು ಅವರಿಗೆ ನಾಲಗೆ ಚಾಚಿ ಅಣಕಿಸುತ್ತಿದ್ದೆ.

ನೆತ್ತಿ ಬೋಳಾಗುತ್ತಿದೆ ಎಂಬ ಕೊರಗು ಅಪ್ಪನಿಗೆ ಆಗಲೇ ಇತ್ತು. "ಸಾರ್, ಇಲ್ಲಿ ನನ್ನ ಕತ್ತರಿಗೆ ಕೆಲ್ಸಾನೇ ಇಲ್ವಲ್ಲ!" ಎಂದ ಕ್ಷೌರಿಕ ಮುನಿಯಪ್ಪ. ಅದೇ ಹೊತ್ತಿಗೆ ನನ್ನ ಮುಖ ನೋಡಿ ಸಾಬರು ಗೊಳ್ಳೆಂದು ನಕ್ಕರು.

ಅಪ್ಪನಿಗೆ ಕನ್ನಡಿಯಲ್ಲಿ ಕಂಡದ್ದು ಸಾಬರ ಹಲ್ಲು ಮಾತ್ರ. ಕಣ್ಣು ಯಾರ ಕಡೆಗಿತ್ತು ಎಂದು ನೋಡಲಿಲ್ಲ. ಎದ್ದು ಬಂದವರೇ ಅವರ ಕೆನ್ನೆಗೆ ಬಾರಿಸಿದರು.

"ಅಪ್ಪಾ, ಅವ್ರು ನಕ್ಕಿದ್ದು ನನ್ನ ನೋಡಿ!" ಎಂದೆ. ಸಾಕ್ಷಿ ನಾನೇ, ವಾದವೂ ಸರಿಯಿತ್ತು. "ಬಾಯ್ ಮುಚ್ಕೊಂಡು ಕೂತ್ಕೋ" ಎಂದರು.

"ಮಗು ನಗಿಸ್ತು, ನಕ್ಕೆ ಅಣ್ಣಾ" ಎಂದಷ್ಟೇ ಹೇಳಿ, ಬಿದ್ದ ಟೋಪಿ ಎತ್ತಿಕೊಂಡು ಸಾಬರು ಹೊರಟುಹೋದರು.

ಮನೆಯಲ್ಲಿ ಅಮ್ಮ, "ಹೋಗಿ ತಪ್ಪಾಯ್ತು ಅಂದ್ಬಿಡ್ರೀ" ಎಂದರು.

"ಅಂಥಾ ಹೊತ್ನಲ್ಲಿ ಯಾಕೆ ನಗ್ಬೇಕಿತ್ತು ಅವ್ನು?" ಎಂದರು ಅಪ್ಪ. ಚರ್ಚಾಸ್ಪರ್ಧೆಯಲ್ಲಾದರೆ ಇಂಥ ವಾದವನ್ನು ಒಂದೇ ಮಾತಿನಲ್ಲಿ ಮುರಿಯಬಹುದು; ಊಟದ ತಟ್ಟೆಯ ಮುಂದೆ ಆಗುವುದಿಲ್ಲ.

ಕೆಲವು ವಾರಗಳ ನಂತರ ಸಂತೆಯಲ್ಲಿ ಸಾಬರು ಎದುರಾದರು. ಈ ಸಲ ಅಪ್ಪನೇ ಮೊದಲು ನಕ್ಕರು. ಸಾಬರು ಅವರ ಮುಖ ನೋಡಲಿಲ್ಲ. ಕೈ ಎಲ್ಲಿದೆ ಎಂದು ನೋಡಿದರು.